ಹಾಡಿಗೆ ಮುಂಚಿನ ಉಸಿರು

ನಮ್ಮವರು ಇಯರ್‌ಫೋನ್‌ಗಳನ್ನು ಹೋಲಿಸಿ ನೋಡಿ ಪತ್ರಿಕೆಗೆ ಬರೆಯುತ್ತಿದ್ದರು. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಜೋಡಿಗಳಲ್ಲಿ ಯಾವುದರ ದನಿ ಚೆಂದ, ಯಾವುದರದು ಬರೀ ಡಬಡಬ ಎಂದು ಅವರು ಹೇಳಿದರೆ ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಬೀದಿಕೊನೆಯ ಮೊಬೈಲ್ ಅಂಗಡಿಯವರಂತೂ ಅವರಿಗೆ ಕಿವಿರಾಯರು ಎಂದೇ ಹೆಸರಿಟ್ಟಿದ್ದರು. ಆ ಕಿವಿರಾಯರಿಗೆ ಅಡುಗೆಮನೆಯಿಂದ ನಾನು ಕೂಗಿದ್ದು ಮಾತ್ರ ಈಚೆಗೆ ಕೇಳಿಸುತ್ತಿರಲಿಲ್ಲ. ಜಾಣಕಿವುಡು ಎಂದು ಗೊಣಗಿಕೊಂಡೇ ನಾನು ದಿನ ತಳ್ಳಿದೆ. ಗಂಡಂದಿರಲ್ಲಿ ಅದೇನು ಹೊಸದಲ್ಲವಲ್ಲ.

ಅವರ ಕೆಲಸದ ರೀತಿಯೇ ಬೇರೆ. ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತು ಕಣ್ಣಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದರು. ನಾನು ಹಿಂದೆ ನಿಂತು ಒಂದೊಂದೇ ಜೋಡಿಯನ್ನು ಅವರ ಕಿವಿಗೆ ಇಡಬೇಕು. ಯಾವ ಕಂಪನಿಯದು, ಬೆಲೆ ಎಷ್ಟು ಎಂದು ಬಾಯಿ ಬಿಡಕೂಡದು. ಬೆಲೆ ಗೊತ್ತಾದರೆ ಕಿವಿ ಸುಳ್ಳು ಹೇಳುತ್ತದಂತೆ. ಕೇಳುವ ಹಾಡು ಯಾವಾಗಲೂ ಒಂದೇ, ಒಬ್ಬ ಹೆಂಗಸು ಹಾಡಿದ ಹಳೆಯ ಹಾಡು. ಮೊದಲ ಪದಕ್ಕೆ ಮುಂಚೆ ಆಕೆ ಸಣ್ಣಗೆ ಉಸಿರೆಳೆದುಕೊಳ್ಳುತ್ತಾಳೆ. ಆ ಉಸಿರು ಕೇಳಿಸಿದರೆ ಇಯರ್‌ಫೋನ್ ಪಾಸು, ಇಲ್ಲದಿದ್ದರೆ ಫೇಲು. ಮದುವೆಯಾದ ಹೊಸದರಲ್ಲಿ ಒಂದು ಬದಿಯನ್ನು ನನ್ನ ಕಿವಿಗೆ ಸಿಕ್ಕಿಸಿ, ಇನ್ನೊಂದನ್ನು ತಾವಿಟ್ಟುಕೊಂಡು, ಹಾಡು ಹಾಗಿರಲಿ, ಮೊದಲು ಉಸಿರು ಕೇಳು ಎಂದಿದ್ದರು. ಆಗ ನನಗೆ ನಾಚಿಕೆಯಾಗಿತ್ತು.

ಮೊನ್ನೆ ಅಂಗಡಿಯವರ ಫೋನ್ ಬಂತು. ಇವರು ಸ್ನಾನಕ್ಕೆ ಹೋಗಿದ್ದರಿಂದ ನಾನೇ ಎತ್ತಿದೆ. ಕಳೆದ ಸಲ ಇವರು ಹಿತವಾದ ದನಿ ಎಂದು ಹೊಗಳಿ ಬರೆದ ಜೋಡಿಯನ್ನು ಕೊಂಡವರು ಒಬ್ಬರ ಹಿಂದೊಬ್ಬರು ವಾಪಸು ತರುತ್ತಿದ್ದಾರೆ, ಅದರ ಕೀರಲು ಸದ್ದಿಗೆ ಕಿವಿ ಕೊರೆದುಹೋಗುತ್ತದಂತೆ ಎಂದರು. ಕಂಪನಿಯವರ ಕೈಯಿಂದ ಏನಾದರೂ ಮುಟ್ಟಿದೆಯಾ ಎಂದು ಜನ ಆಡಿಕೊಳ್ಳುತ್ತಿರುವುದನ್ನೂ ತಡವರಿಸುತ್ತ ತಿಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿಟ್ಟವಳೇ ಆ ಜೋಡಿಯನ್ನು ಹುಡುಕಿ ಕಿವಿಗೆ ಹಾಕಿಕೊಂಡೆ. ಸ್ಟೀಲ್ ತಟ್ಟೆಯ ಮೇಲೆ ಚಮಚ ಗೀರಿದ ಹಾಗಿತ್ತು. ಸಿಟ್ಟೆಲ್ಲ ಇಳಿದು ಭಯ ಹಿಡಿಯಿತು.

ಅಂದು ಮಧ್ಯಾಹ್ನ ಮೂರು ಹೊಸ ಜೋಡಿಗಳನ್ನು ನೋಡುವುದಿತ್ತು. ಸಂಜೆಯೊಳಗೆ ಬರಹ ಹೋಗಬೇಕು. ಇವರು ಟವೆಲ್ ಕಟ್ಟಿಕೊಂಡ ಮೇಲೆ ನಾನು ಆ ಮೂರನ್ನೂ ಪೆಟ್ಟಿಗೆಯಲ್ಲೇ ಬಿಟ್ಟೆ. ನನ್ನ ಹಳೆಯ ಫೋನಿನ ಜೊತೆ ಬಿಟ್ಟಿ ಬಂದಿದ್ದ ಜೋಡಿಯನ್ನು ತೆಗೆದುಕೊಂಡೆ. ಅದರಲ್ಲಿ ಉಸಿರಿನ ಸುಳಿವೇ ಇಲ್ಲವೆಂದು ಮೊದಲೇ ಕೇಳಿ ಖಚಿತ ಮಾಡಿಕೊಂಡಿದ್ದೆ. ಅದನ್ನೇ ಮೂರು ಸಲ ಇಟ್ಟೆ.

ಮೊದಲ ಸಲ, ಸ್ವಲ್ಪ ಮಂದ ಎಂದರು. ಎರಡನೆಯ ಸಲ, ತೆಳುವಾದರೂ ಅಚ್ಚುಕಟ್ಟು ಎಂದರು. ಮೂರನೆಯ ಸಲ ತಲೆದೂಗಿದರು.

"ಇದು ನೋಡು ಇಯರ್‌ಫೋನ್ ಅಂದ್ರೆ. ಉಸಿರು ಎಷ್ಟು ಚೆನ್ನಾಗಿ ಕೇಳಿಸ್ತಿದೆ."

ಹೇಳಿದರೆ ಅವರ ಕೆಲಸ ಹೋಗುತ್ತದೆ, ಇಷ್ಟು ವರ್ಷ ಗಳಿಸಿದ ಹೆಸರೂ ಹೋಗುತ್ತದೆ. ಹೇಳದಿದ್ದರೆ ಸಂಜೆ ಇನ್ನೊಂದು ಸುಳ್ಳು ಅಚ್ಚಿಗೆ ಹೋಗುತ್ತದೆ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದೆ.

ಅವರು ಟವೆಲ್ ಬಿಚ್ಚಲಿಲ್ಲ. ಕಿವಿಯಲ್ಲಿದ್ದುದನ್ನು ತೆಗೆದು ಬೆರಳಿನಿಂದ ಸವರಿದರು.

"ಮೂರು ಸಲಾನೂ ಇದನ್ನೇ ಇಟ್ಟೆ ಅಲ್ವಾ? ಎಡಗಡೆ ರಬ್ಬರು ಹರಿದಿದೆ. ಚುಚ್ಚಿದಾಗಲೇ ಗೊತ್ತಾಯ್ತು."

"ಮತ್ತೆ ಯಾಕ್ರೀ ಹಂಗಂದ್ರಿ?"

"ನೀನೇ ಹೇಳ್ತೀಯೇನೋ ಅಂತ ಕಾದೆ. ನನ್ನ ಬಾಯಿಂದ ಬರ್ತಾ ಇರ್ಲಿಲ್ಲ ಕಣೇ."

ಆಮೇಲೆ ಒಂದೊಂದಾಗಿ ಹೇಳಿದರು. ಸಣ್ಣ ಸಣ್ಣ ಸದ್ದುಗಳು ಮೊದಲು ಹೋದವು. ಇಯರ್‌ಫೋನೇ ಕೆಟ್ಟಿದೆ ಎಂದುಕೊಂಡು ತಮ್ಮ ಮೆಚ್ಚಿನ ಜೋಡಿಯನ್ನು ಕಸಕ್ಕೆ ಹಾಕಿದರು. ನನಗೆ ತಿಳಿಸದೆ ಡಾಕ್ಟರ ಹತ್ತಿರ ಹೋಗಿ ಬಂದರು. ಹೋದದ್ದು ಮತ್ತೆ ಬರುವುದಿಲ್ಲ ಎಂದರಂತೆ. ಅಂದಿನಿಂದ ಹಾಡನ್ನು ನೆನಪಿನಲ್ಲೇ ಕೇಳಿಕೊಂಡು ಬರೆಯುತ್ತಿದ್ದರು. ಅಡುಗೆಮನೆಯಿಂದ ನಾನು ಬೈದದ್ದೆಲ್ಲ ನೆನಪಾಯಿತು.

ಟವೆಲ್ ಬಿಚ್ಚಿ ಅವರೇ ಸಂಪಾದಕರಿಗೆ ಫೋನ್ ಮಾಡಿದರು. ಕಳೆದ ಸಲ ಬರೆದದ್ದು ತಪ್ಪು, ಹಾಗೆಂದು ಅಚ್ಚು ಹಾಕಿ, ಇನ್ನು ಮುಂದೆ ನನ್ನಿಂದ ಬರೆಯಲಾಗದು ಎಂದರು. ಆ ಕಡೆಯಿಂದ ಏನೋ ಕೇಳಿದರು. ಅದು ಸರಿಯಾಗಿ ಕೇಳಿಸದೆ ಇವರು ಫೋನನ್ನು ನನ್ನ ಕೈಗಿತ್ತರು. ಏನಾಯಿತು, ಹುಷಾರಿಲ್ಲವೇ ಎಂದು ಸಂಪಾದಕರು ವಿಚಾರಿಸುತ್ತಿದ್ದರು.

"ಅವರಿಗೆ ಕಿವಿ ಕೇಳಿಸ್ತಿಲ್ಲ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

ಫೋನಿಟ್ಟ ಮೇಲೆ ನಮ್ಮವರು ಪೆಟ್ಟಿಗೆಯಿಂದ ಹೊಸ ಜೋಡಿಯೊಂದನ್ನು ತೆಗೆದು, ಎರಡೂ ಬದಿಯನ್ನು ನನ್ನ ಕಿವಿಗಿಟ್ಟು, ಅದೇ ಹಾಡು ಹಾಕಿದರು. ಏನೋ ಅಂದರು. ನನಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ಉಸಿರು ಬಂದಾಗ ಹೇಳು ಎನ್ನುತ್ತಿದ್ದರು. ಅವರ ಕೈ ಹಿಡಿದುಕೊಂಡು ಕಾದೆ. ಆಕೆ ಉಸಿರೆಳೆದುಕೊಂಡ ಗಳಿಗೆಯಲ್ಲಿ ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡು ಹೂಂಗುಟ್ಟಿದರು. ಹಾಡು ಇನ್ನೂ ನಡೆಯುತ್ತಿರುವಾಗಲೇ ಅದನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕಿದರು.