ಬಿಚ್ಚಿ ಹೊಲಿದ ಪುಸ್ತಕಗಳು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆರು ತಿಂಗಳು ನಾನು ಮಾವನ ಮರೆವನ್ನು ಮುಚ್ಚಿಟ್ಟೆ. ಒಳ್ಳೆಯದಕ್ಕೆಂದೇ ಮುಚ್ಚಿಟ್ಟೆ, ಆದರೂ ತಪ್ಪು ತಪ್ಪೇ.

ನಮ್ಮದು ಬುಕ್ ಬೈಂಡಿಂಗ್ ಅಂಗಡಿ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಮನೆ. ಮಾವ ನಲವತ್ತು ವರ್ಷ ಆ ಕಿಟಕಿ ಪಕ್ಕ ಕೂತು ಹಾಳೆ ಹೊಲಿದವರು. ಬೆಳಿಗ್ಗೆ ಹೊಲಿಗೆ, ರಟ್ಟು ಹಾಕುವುದು ಮಾರನೇ ದಿನ. ಕಣ್ಣು ಮುಚ್ಚಿಕೊಂಡೇ ಪುಟ ಜೋಡಿಸುತ್ತಾರೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅಂಥವರು ಒಂದು ದಿನ ಮೂವತ್ತನೇ ಪುಟದ ಪಕ್ಕ ಎಪ್ಪತ್ತೊಂದನೇ ಪುಟ ಸೇರಿಸಿ ಹೊಲಿದಿದ್ದರು.

ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಅವರು ಮಲಗಿದಾಗ ದಾರ ಬಿಚ್ಚಿ, ಪುಟ ಸರಿಪಡಿಸಿ, ಮತ್ತೆ ಹೊಲಿದಿಟ್ಟೆ. ಆಮೇಲೆ ಅದೇ ನನ್ನ ದಿನದ ಕೆಲಸವಾಯಿತು.

ಮಾವ ಸೊರಗುತ್ತಾ ಹೋದರು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಗೋಡೆ ನೋಡುತ್ತ ಕೂತಿರುತ್ತಿದ್ದರು. ಅತ್ತದ್ದನ್ನಂತೂ ನಾನು ಕಂಡಿಲ್ಲ. ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ. ಪುಟದ ವಿಷಯ ಬಿಟ್ಟು ಉಳಿದದ್ದನ್ನು ಗಂಡನಿಗೆ ಹೇಳಿದೆ. ವಯಸ್ಸಾಯಿತು, ಅರಳುಮರಳು, ಇದಕ್ಕೆಲ್ಲ ಮದ್ದಿಲ್ಲ ಎಂದು ಅವರು ಕೈ ಕೊಡವಿದರು.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ಹರಿದ ರಿಜಿಸ್ಟರುಗಳನ್ನು ಬೈಂಡ್ ಮಾಡಿಸಲು ತಂದರು. ಮಾವನ ಮುಖ ನೋಡಿದವರು ವಾಪಸ್ ಹೋಗಲೇ ಇಲ್ಲ. ಸ್ಟೂಲು ಎಳೆದುಕೊಂಡು ಕೂತು ಊಟ, ನಿದ್ದೆ ವಿಚಾರಿಸಿದರು. ಆಮೇಲೆ ಮೆಲ್ಲಗೆ ಕೇಳಿಯೇಬಿಟ್ಟರು: “ಅಜ್ಜ, ಬದುಕಿರೋದೇ ಬೇಡ ಅಂತ ಅನ್ಸುತ್ತಾ?”

ಇಂಥ ಮಾತನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ? ಇಲ್ಲದ ಯೋಚನೆ ಬಂದುಬಿಟ್ಟರೆ ಎಂದು ಹೆದರಿದೆ.

ಮಾವ ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟರು. “ಅನ್ಸುತ್ತೆ ಕಣಮ್ಮ. ನಾನು ಹೊಲಿದಿದ್ದನ್ನ ನನ್ನ ಸೊಸೆ ಬಿಚ್ಚಿ ಹೊಲೀತಾಳೆ. ಗಂಟು ನೋಡಿದ್ರೆ ನನಗೆ ಗೊತ್ತಾಗಲ್ವಾ? ಮೊದಲ ಸಲ ಕಂಡ ದಿನಾನೇ ಅನ್ಕೊಂಡೆ, ಇನ್ನು ನಾನಿದ್ದು ಏನು ಉಪಯೋಗ ಅಂತ.”

ನಾನು ಅವರ ಮರ್ಯಾದೆ ಉಳಿಸಲು ಹೋಗಿ ಅವರನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಮನೋವೈದ್ಯರಿಗೆ ತೋರಿಸಬೇಕು ಎಂದು ನರ್ಸಮ್ಮ ನನ್ನ ಗಂಡನನ್ನು ಒಳಗಿನಿಂದ ಕರೆಸಿದರು. ಹುಚ್ಚರ ಡಾಕ್ಟರ ಹತ್ತಿರ ಹೋದರೆ ಜನ ಏನಂದಾರು ಎಂದು ಗಂಡ ಗೊಣಗಿದರು. ಜನರ ಮಾತು ಆಮೇಲೆ ನೋಡೋಣ, ಮೊದಲು ನಿಮ್ಮಪ್ಪ ಉಳಿಯಲಿ ಎಂದು ನರ್ಸಮ್ಮ ಗದರಿದರು. ಆಮೇಲೆ ಬಿಡಿಸಿ ಹೇಳಿದರು. ಇದು ಖಿನ್ನತೆ ಇರಬಹುದು. ವಯಸ್ಸಾದವರಲ್ಲಿ ಅದು ಅಳುವಾಗಿಯೇ ಬರಬೇಕೆಂದಿಲ್ಲ. ಮರೆವಾಗಿ, ಮೌನವಾಗಿಯೂ ಬರುತ್ತದೆ. ಅದರ ಜೊತೆ ಮೆದುಳಿನಲ್ಲೂ ಬದಲಾವಣೆ ಕಾಣುವುದುಂಟು. ನೆನಪನ್ನು ಹಿಡಿದಿಡುವ ಭಾಗ ಕೆಲವರಲ್ಲಿ ಚಿಕ್ಕದಾಗಿರುತ್ತದೆ. ಬಿಪಿ, ಶುಗರ್ ಹತೋಟಿ ತಪ್ಪಿ ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟರೂ ಮನಸ್ಸು ಕುಗ್ಗಬಹುದು. ಮರೆವಿನ ಕಾಯಿಲೆಯ ಶುರುವೂ ಹೀಗೇ ಇರಬಹುದು. ಯಾವುದೆಂದು ಡಾಕ್ಟರೇ ನೋಡಿ ಹೇಳಬೇಕು.

“ಮೆದುಳೇ ಕೆಟ್ಟ ಮೇಲೆ ಇನ್ನೇನಿದೆ?” ಎಂದರು ಗಂಡ.

“ಬದಲಾಗಿದೆ ಅಂದ್ರೆ ಮುಗೀತು ಅಂತಲ್ಲ. ಖಿನ್ನತೆಗೆ ಮದ್ದಿದೆ. ಏಳಿ, ಈಗ್ಲೇ ಹೋಗೋಣ.”

ಹೋದೆವು. ಡಾಕ್ಟರು ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ, ಖಿನ್ನತೆಯೆಂದು ಮಾತ್ರೆ ಬರೆದರು. ಗುಣ ಕಾಣಲು ಕೆಲವು ವಾರ ಬೇಕು, ಕೇಳದೆ ನಿಲ್ಲಿಸಬಾರದು, ಒಂಟಿಯಾಗಿ ಬಿಡಬಾರದು ಎಂದರು. ರಟ್ಟು ಕೊಯ್ಯುವ ಕತ್ತಿಯನ್ನು ಮಾವನಿಗೆ ಹೇಳಿಯೇ ಎತ್ತಿಟ್ಟೆ. ಆ ವಾರಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಬಚ್ಚಲ ಬಾಗಿಲು ತೆರೆಯುವುದು ಸ್ವಲ್ಪ ತಡವಾದರೂ ಓಡಿಹೋಗಿ ತಟ್ಟುತ್ತಿದ್ದೆ.

ಈಗ ಮೂರು ತಿಂಗಳು. ತಪಾಸಣೆಗೆ ಗಂಡನೇ ಕರೆದುಕೊಂಡು ಹೋಗುತ್ತಾರೆ. ಮೊನ್ನೆ ಮಾವ ಒಂದು ಪುಸ್ತಕ ತಂದು ನನ್ನ ಮುಂದಿಟ್ಟರು.

“ಎಲ್ಲೋ ಪುಟ ತಪ್ಪಿದೆ ಅನ್ಸುತ್ತೆ, ನೋಡು. ನನ್ನ ಎದುರಿಗೇ ಬಿಚ್ಚು. ಗಂಟು ನಾನೇ ಹಾಕ್ತೀನಿ.”

ಇಬ್ಬರೂ ಕೂತು ಸರಿಪಡಿಸಿದೆವು.

ನಿಮ್ಮ ಮನೆಯ ಹಿರಿಯರು ಎರಡು ವಾರದಿಂದ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಹತ್ತಿರ ಕೂತು ಕೇಳಿ. ಕೇಳಿದ್ದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ; ಕೇಳದಿದ್ದರೆ ಅದು ಒಳಗೇ ಉಳಿಯುತ್ತದೆ. ಆ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನನ್ನ ಹಾಗೆ ಕದ್ದು ಸರಿಪಡಿಸುತ್ತ ಕೂರಬೇಡಿ. ಅವರಿಗೆ ಗೊತ್ತಾಗುತ್ತದೆ.