ಇಲ್ಲ ಅಂತ ಬರೆದುಕೊಡಿ, ಸಾಹೇಬ್ರೇ

ನೇಪಾಳದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಬರ್ದಿಯಾ ಜಿಲ್ಲೆಯ ಥಾರು ಬುಡಕಟ್ಟಿನವರ ಊರುಗಳಲ್ಲಿ ಹೊಲಕ್ಕೆ ಹೋದ ಗಂಡಸರು ಮನೆಗೆ ಬಾರದಿರುವುದು ಹೊಸದೇನಾಗಿರಲಿಲ್ಲ. ಒಂದು ಬೆಳಿಗ್ಗೆ ಜಗ್ರಾಣಿಯ ಕಣ್ಣೆದುರಿಗೇ ಅವಳ ಗಂಡ ಪತಿರಾಮನನ್ನು ಸಮವಸ್ತ್ರದವರು ಸಾಸಿವೆ ಹೊಲದಿಂದ ಹಿಡಿದೊಯ್ದರು. ಯಾಕೆಂದು ಹೇಳಲಿಲ್ಲ, ಎಲ್ಲಿಗೆಂದೂ ಹೇಳಲಿಲ್ಲ.

ಮಾವ ಲೌಟನ್ ಬಾಗಿಲಿಗೆ ಅಡ್ಡ ನಿಂತ. "ಬಾಯಿ ಮುಚ್ಕೊಂಡಿರು. ನಾಲ್ಕು ದಿನ ನೋಡೋಣ. ಕೇಳೋಕೆ ಹೋದ್ರೆ ನಿನ್ನೂ ಒಳಗೆ ಹಾಕ್ತಾರೆ."

ಪಕ್ಕದ ಮನೆಯ ಸೋನಮತಿ ಊರಿನ ಆರೋಗ್ಯ ಸೇವಿಕೆ. "ನಾವೂ ಹಂಗೇ ಅಂದಿದ್ವಿ ಕಾಕಾ," ಎಂದಳು. "ನಮ್ಮಣ್ಣ ಹೋಗಿ ಎರಡು ವರ್ಷ ಆಯ್ತು. ಹಿಡ್ಕೊಂಡು ಹೋದೋರು ಯಾರು ಅಂತ ಒಂದಕ್ಷರ ಬರೆದಿಟ್ಟಿಲ್ಲ. ಈಗ ಯಾರನ್ನ ಕೇಳಲಿ?"

ಮುದುಕ ಬಾಗಿಲು ಬಿಟ್ಟು ಸರಿದ. ಸೋನಮತಿ ಲಸಿಕೆ ಪುಸ್ತಕದಿಂದ ಹಾಳೆ ಹರಿದಳು.

"ಎಷ್ಟು ಗಂಟೆ? ಯಾವ ಅಂಗಿ? ಗಾಡಿ ನಂಬರ್ ನೋಡಿದ್ಯಾ?"

"ಕೊನೇದು ಎಂಟು, ಒಂದು. ಅಷ್ಟೇ ಕಂಡಿದ್ದು."

"ಅಷ್ಟಾದ್ರೂ ಇದೆಯಲ್ಲ. ಇನ್ಯಾರು ನೋಡಿದ್ರು?"

ಅದೇ ಮಧ್ಯಾಹ್ನ ಒಂಬತ್ತು ಹೆಂಗಸರು ಅರ್ಜಿ, ಅದರದೊಂದು ನಕಲು ಹಿಡಿದು ಸೈನ್ಯದ ಶಿಬಿರದ ಗೇಟಿಗೆ ಹೋದರು. ಅಧಿಕಾರಿ ಅರ್ಜಿ ಓದಿ ವಾಪಸ್ ಚಾಚಿದ. "ಆ ಹೆಸರಿನೋನು ಇಲ್ಲಿಲ್ಲ."

ಜಗ್ರಾಣಿ ಅದನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ. "ಇಲ್ಲ ಅಂತ ಅದರ ಮೇಲೇ ಬರೆದು ಸಹಿ ಹಾಕಿಕೊಡಿ, ಸಾಹೇಬ್ರೇ. ತಗೊಂಡು ಹೋಗ್ತೀವಿ."

ಅವನು ಅಷ್ಟೂ ಮುಖಗಳನ್ನು ನೋಡಿದ. ಸಹಿ ಹಾಕಲಿಲ್ಲ. ಅರ್ಜಿ ಒಳಗೆ ಹೋಯಿತು, ನಕಲಿನ ಮೇಲೆ 'ತಲುಪಿದೆ' ಎಂಬ ಮೊಹರು ಬಿತ್ತು.

ಆ ನಕಲು ರೆಡ್ ಕ್ರಾಸ್‌ನವರ ಕೈ ಸೇರಿತು, ವಕೀಲರೊಬ್ಬರು ಅದನ್ನು ಕೋರ್ಟಿಗೂ ಮುಟ್ಟಿಸಿದರು. ಪತಿರಾಮನನ್ನು ತಂದು ಎದುರಿಗೆ ನಿಲ್ಲಿಸಿ ಎಂದು ಕೋರ್ಟು ಹೇಳಿತು. ನಲವತ್ತಮೂರನೇ ದಿನ ಪತಿರಾಮ ತನ್ನ ಕಾಲಮೇಲೇ ಕೋರ್ಟಿಗೆ ನಡೆದು ಬಂದ. ಹಿಡಿದಿಡಲು ಕಾರಣ ತೋರಿಸಲಾಗದೆ ಅವನನ್ನು ಅಲ್ಲಿಂದಲೇ ಬಿಟ್ಟರು.

ಮನೆಯಲ್ಲಿ ಅಕ್ಕಿಹಿಟ್ಟಿನ ಬಿಸಿ ಢಿಕ್ರಿ ತಿನ್ನುತ್ತಾ ಅವನು ಹೇಳಿದ, "ಒಂದಿನ ಕೆಂಪು ಕ್ರಾಸ್ ಗುರುತಿನೋರು ಯಾರೋ ಬಂದು ನನ್ನ ಹೆಸರು ಕೇಳಿ ಬರ್ಕೊಂಡ್ರು. ಅವತ್ತಿಂದ ಹೊಡೆಯೋದು ನಿಂತೋಯ್ತು."

ಊರೆಲ್ಲ ಅಂಗಳದಲ್ಲಿ ನೆರೆದು ಮಾದಲ್ ಡೋಲು ಬಾರಿಸಿತು. ಮರುದಿನ ಸೋನಮತಿಯೂ ಅಣ್ಣನ ಹೆಸರಿನಲ್ಲಿ ಅರ್ಜಿ ಬರೆದಳು. ಮುಂದಿನ ವಾರ ಪಕ್ಕದೂರಲ್ಲಿ ಇಬ್ಬರನ್ನು ಹಿಡಿದೊಯ್ದ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಹೊರಟವನು ಲೌಟನ್. ಆ ಮನೆಯವರಿಗೆ ಅವನು ಹೇಳಿದ್ದು ಇಷ್ಟು: "ಅಳೋದು ಆಮೇಲೆ. ಮೊದಲು ಪೆನ್ನು ತಗೊಳ್ಳಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಯುದ್ಧವಿದ್ದರೂ ಯಾರನ್ನೂ ಗುಟ್ಟಾಗಿ ಹಿಡಿದಿಡುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಬೀದಿಯಿಂದ ಒಬ್ಬರನ್ನು ಎಳೆದೊಯ್ದರೆ ಕಂಡದ್ದನ್ನು ಅಂದೇ ಬರೆಯಿರಿ. ಒಬ್ಬರೇ ಹೋಗಬೇಡಿ, ಗುಂಪಾಗಿ ಹೋಗಿ ಕೇಳಿ. ಮೊಹರಿಲ್ಲದೆ ಹಿಂತಿರುಗಬೇಡಿ. ಹತ್ತು ಜನ ಹೆಸರು ಹಿಡಿದು ಕೇಳುತ್ತಿರುವ ಮನುಷ್ಯನನ್ನು ಮಾಯ ಮಾಡುವುದು ಸುಲಭವಲ್ಲ.