ಪರಿಮಳಾಳ ಪೇಪರು, ಬಸಲಿಂಗನ ಕೈ

“ಎಂಟನೇ ಕ್ಲಾಸ್ ದಾಟಲಾರದವ ನನಗ ಕಾಯ್ದೆ ಕಲಿಸಾಕ ಬಂದಾನ, ನೋಡ್ರಿ!”

ಹೆಡ್ಮಾಸ್ತರ ದೇವಿಂದ್ರಪ್ಪ ಪಾಲಕರ ಸಭೆಯಲ್ಲೇ ಅಂದುಬಿಟ್ಟರು. ಶಹಾಪುರದ ಆ ಹೈಸ್ಕೂಲಿನ ವರಾಂಡಾ ತುಂಬ ನಗು.

ಬಸಲಿಂಗ ಸುಮ್ಮನಿರುವ ಪೈಕಿಯಲ್ಲ. ಸಗರದಿಂದ ಶಹಾಪುರಕ್ಕೆ ಟಂಟಂ ಆಟೊ ಓಡಿಸುವವನು, ಹಾರ್ನಿಗಿಂತ ಬಾಯಿಯೇ ಜೋರು. ಪಕ್ಕದ ಮನೆಯ ದೇವಕಮ್ಮ ಕೂಲಿ ಬಿಟ್ಟು ಬರಲಾಗದೆ, ಹತ್ತನೇ ಕ್ಲಾಸಿನ ಮಗಳು ಪರಿಮಳಾಳ ಪರವಾಗಿ ಇವನನ್ನು ಕಳಿಸಿದ್ದಳು.

“ಕಲೀರಿ ಸರ್, ಫೀಸ್ ಕೇಳಂಗಿಲ್ಲ! ಹುಡುಗಿ ದಡ್ಡಿ ಅಲ್ಲ. ಬಾಯಾಗ ಕೇಳ್ರಿ, ಪಟಪಟ ಹೇಳ್ತಾಳ. ಓದಾಕ ಬರಿಯಾಕ ಕುಂತ್ರ ಅಷ್ಟ ತ್ರಾಸು. ಡಿಸ್ಲೆಕ್ಸಿಯಾ ಅಂತ ಯಾದಗಿರಿ ಡಾಕ್ಟರೇ ಬರದು ಕೊಟ್ಟಾರ. ಅಕಿ ಹೇಳಿದ್ದು ಬರಿಯಾಕ ಒಬ್ರನ್ನ ಕೊಡ್ರಿ, ಟೈಮ್ ಹೆಚ್ಚಿಗಿ ಕೊಡ್ರಿ. ಸರ್ಕಾರದ ಕಾಯ್ದೆ ಐತಿ, ನಮ್ಮಪ್ಪಂದಲ್ಲ!”

ಭಾರತಿ ಟೀಚರ್ ನಡುವೆ ಬಂದರು. “ಖರೇನೇ ಐತ್ರಿ ಸರ್. ಆದ್ರ ಬರಿಯೋರು ಅಕಿಗಿಂತ ಕಡಿಮಿ ಓದಿರಬೇಕು. ಒಂಬತ್ತನೇ ಕ್ಲಾಸಿನ ಹುಡುಗರನ್ನ ಮನಿಯವರು ಕಳಸವಲ್ಲರು.” ಹಾಗೆನ್ನುತ್ತಲೇ ಬಸಲಿಂಗನ ಕಡೆ ತಿರುಗಿದರು. “ನೀ ಎಂಟನೇ ಕ್ಲಾಸ್ ಅಲ್ಲೇನು? ಅಕ್ಷರ ಹೆಂಗದಾವ?”

ಬಸಲಿಂಗ ಅಂಗಳದಲ್ಲಿ ನಿಂತಿದ್ದ ಟಂಟಂ ತೋರಿಸಿದ. ಹಿಂಬದಿಗೆ ‘ಜಲ್ದಿ ಇದ್ದವರು ನಿನ್ನೆನೇ ಹೋಗ್ಯಾರ’ ಎಂದು ಅವನೇ ಬರೆದಿದ್ದ. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಅಷ್ಟೊತ್ತು ಬೈಗುಳವಾಗಿದ್ದ ಎಂಟನೇ ಕ್ಲಾಸು ಅವನ ಅರ್ಹತೆಯಾಯಿತು. ದೇವಿಂದ್ರಪ್ಪ ಮುಖ ಗಂಟಿಕ್ಕಿಕೊಂಡೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಪರೀಕ್ಷೆಯ ದಿನ ಬೇರೆ ಕೋಣೆ. ಅವಳು ಹೇಳಿದ್ದಷ್ಟೇ ಬರೆಯಬೇಕು, ತುಟಿಪಿಟಕ್ ಅನ್ನಬಾರದು ಎಂದು ಮೇಲ್ವಿಚಾರಕಿ ತಾಕೀತು ಮಾಡಿ ಎದುರಿಗೇ ಕುಳಿತರು. ಬಸಲಿಂಗ ಪ್ರಶ್ನೆ ಓದುವುದು, ಪರಿಮಳಾ ಉತ್ತರ ಹೇಳುವುದು. ಬರೆದು ಬರೆದು ಇವನ ಕೈ ಸೋತರೂ ಅವಳ ಬಾಯಿ ಸೋಲಲೊಲ್ಲದು.

“ಕೃಷ್ಣಾ ನದಿ ಹುಟ್ಟೋದು ಪಂಢರಪುರದಾಗ. ಬರಿ ಅಣ್ಣಾ.”

ಪೆನ್ನು ನಿಂತಿತು. ಮಹಾಬಳೇಶ್ವರ ಎಂಬುದು ಗಂಟಲವರೆಗೆ ಬಂದು ಗುದ್ದಾಡಿತು. ಹಲ್ಲು ಕಚ್ಚಿ, ದುಂಡಗೆ ಪಂಢರಪುರ ಎಂದು ಬರೆದ.

ಗೇಟಿನ ಬಳಿ ದೇವಕಮ್ಮ ಕಾಯುತ್ತಿದ್ದಳು. “ಎವ್ವಾ, ಎಲ್ಲಾ ಹೇಳಿದ್ನಿ! ಒಂದೂ ತಪ್ಪಿಲ್ಲ!” ಪರಿಮಳಾ ಕುಣಿದಳು. ಸುತ್ತಲಿದ್ದ ಪಾಲಕರೂ ನಕ್ಕರು.

ದೇವಿಂದ್ರಪ್ಪ ಅಲ್ಲೇ ನಿಂತಿದ್ದರು. “ತಪ್ಪು ಹೆಂಗಾಗ್ತದ? ಎಲ್ಲಾ ಇವನೇ ಹೇಳಿಕೊಟ್ಟಿರ್ತಾನ. ಏನಲೇ, ಒಂದರ ಅಕೀದ ಉತ್ತರ ಐತೇನು?”

ಪಂಢರಪುರ ಅಂದರೆ ಸಾಕಿತ್ತು, ಹೆಡ್ಮಾಸ್ತರರ ಬಾಯಿ ಬಂದ್. ಬಸಲಿಂಗ ಮೂಗು ಅರಳಿಸಿ ಬಾಯಿ ತೆರೆದ. ಪರಿಮಳಾ ಇನ್ನೂ ನಗುತ್ತಿದ್ದಳು, ಅಷ್ಟೂ ಜನರ ನಡುವೆ.

ಅವನು ಬಾಯಿ ಮುಚ್ಚಿ, ಕಿಸೆಯಿಂದ ಚಾವಿ ತೆಗೆದು, ಟಂಟಂ ಕಡೆ ನಡೆದ.